ಟಾಪ್ ಇಲ್ಲದ ಕಾರಿಗೆ ಸ್ಟ್ರಟ್ ಬಾರ್: ಬಿಗಿತಕ್ಕೋ, ಶೋಕಿಗೋ?

[ದೃಶ್ಯ: ಬಾನೆಟ್ ಎತ್ತಿರುವ ಕನ್ವರ್ಟಿಬಲ್. ಎಂಜಿನ್ ಮೇಲೆ ಅಡ್ಡಲಾಗಿ ಒಂದು ಕೆಂಪು ಬಾರ್.]

ನಮಸ್ಕಾರ. ಈ ಕೆಂಪು ಬಾರ್ ನೋಡಿದ್ದೀರಿ ಅಲ್ವಾ? ಇದೇ ಸ್ಟ್ರಟ್ ಬಾರ್. ಮುಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿ ಬಾಡಿಗೆ ಸೇರುವ ಜಾಗವನ್ನು ಟವರ್ ಅನ್ನುತ್ತಾರೆ. ಎಡಗಡೆ ಟವರಿಗೂ ಬಲಗಡೆ ಟವರಿಗೂ ಅಡ್ಡಲಾಗಿ ಇದನ್ನು ಬಿಗಿಯುತ್ತಾರೆ. ಹಾಕಿಸಿದರೆ ಬಾಡಿ ಗಟ್ಟಿಯಾಗುತ್ತದೆ, ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುತ್ತದೆ ಅನ್ನುವುದು ಮಾರುವವರ ಮಾತು.

ಟಾಪ್ ತೆಗೆಯುವ ಕಾರಿನ, ಅಂದರೆ ಕನ್ವರ್ಟಿಬಲ್‌ನ, ವಿಷಯದಲ್ಲಿ ನನಗೆ ಈ ಮಾತಿನ ಮೇಲೆ ಅಷ್ಟು ನಂಬಿಕೆ ಇಲ್ಲ. ನೋವಿರುವುದು ಒಂದು ಕಡೆ, ಬಾರ್ ಕೂರುವುದು ಇನ್ನೊಂದು ಕಡೆ. ಹೇಗೆ ಅಂತ ನೋಡೋಣ.

[ದೃಶ್ಯ: ಮೇಜಿನ ಮೇಲೆ ರಟ್ಟಿನ ಮೈಸೂರು ಪಾಕ್ ಡಬ್ಬ.]

ಡಬ್ಬ ಖಾಲಿ, ಕ್ಷಮಿಸಿ. ಮುಚ್ಚಳ ಹಾಕಿ ಟೇಪ್ ಅಂಟಿಸಿದ್ದೇನೆ. ಎರಡು ತುದಿ ಹಿಡಿದು ತಿರುಚುತ್ತೇನೆ. ಜಗ್ಗುವುದಿಲ್ಲ. ಈಗ ಮುಚ್ಚಳ ತೆಗೆಯುತ್ತೇನೆ. ನೋಡಿ, ಎಷ್ಟು ಸುಲಭವಾಗಿ ತಿರುಚಿಕೊಳ್ಳುತ್ತದೆ. ಕಾರಿನ ಛಾವಣಿ ಕತ್ತರಿಸಿದಾಗ ಆಗುವುದೂ ಇದೇ. ಎಲ್ಲಿ ತಿರುಚಿಕೊಂಡಿತು ಅನ್ನುವುದನ್ನು ಗಮನಿಸಿ. ನಡುವೆ. ಕಾರಿನಲ್ಲಿ ಅದು ಬಾಗಿಲುಗಳಿರುವ ಜಾಗ. ಅಲ್ಲಿ ಮೇಲೆ ಛಾವಣಿ ಇಲ್ಲ, ಪಕ್ಕದಲ್ಲಿ ಬಾಗಿಲಿನ ದೊಡ್ಡ ತೂತು. ಭಾರ ಹೊರಲು ಉಳಿದಿರುವುದು ನೆಲ, ನೆಲದ ನಡುವೆ ಉದ್ದಕ್ಕೂ ಉಬ್ಬಿರುವ ಟನಲ್, ಬಾಗಿಲ ಕೆಳಗಿನ ಪಟ್ಟಿ ಅಂದರೆ ಸಿಲ್, ಅಷ್ಟೇ.

ಸ್ಟ್ರಟ್ ಬಾರ್ ಇರುವುದು ಅದಕ್ಕಿಂತ ಮುಂದೆ, ಎಂಜಿನ್ ಕೋಣೆಯಲ್ಲಿ. ಇನ್ನೊಂದು ವಿಷಯ ಇದೆ. ಬಾಡಿ ತಿರುಚಿದಾಗ ಒಂದು ಟವರ್ ಮೇಲೆ ಹೋಗುತ್ತದೆ, ಇನ್ನೊಂದು ಕೆಳಗೆ ಇಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನೇರವಾದ ಬಾರ್ ಕಾಯುವುದು ಆ ಅಂತರವನ್ನು ಮಾತ್ರ. ಹಾಗಾಗಿ ಬಾಡಿ ತಿರುಚುತ್ತದೆ, ಬಾರ್ ಅದರ ಜೊತೆ ಸುಮ್ನೆ ವಾಲುತ್ತದೆ. ಎರಡೂ ತುದಿಯಲ್ಲಿ ಕೀಲು ಇರುವ ಬಾರ್ ಆದರಂತೂ ಕೇಳುವುದೇ ಬೇಡ.

[ದೃಶ್ಯ: ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್. ಜಾಯಿಂಟ್ ದಾಟುವಾಗ ಒಳಗಿನ ಕನ್ನಡಿ ನಡುಗುತ್ತದೆ.]

ಫ್ಲೈಓವರ್ ಜಾಯಿಂಟ್ ಮೇಲೆ ಕನ್ನಡಿ, ಡ್ಯಾಶ್‌ಬೋರ್ಡ್, ಸ್ಟೇರಿಂಗ್ ಎಲ್ಲ ಒಟ್ಟಿಗೆ ನಡುಗುತ್ತವಲ್ಲ, ಇದನ್ನು ಸ್ಕಟಲ್ ಶೇಕ್ ಅನ್ನುತ್ತಾರೆ. ಸಸ್ಪೆನ್ಷನ್ ಮೇಲೆ ಚಕ್ರ ಸೆಕೆಂಡಿಗೆ ಸುಮಾರು 10ರಿಂದ 15 ಸಲ ಕುಣಿಯುತ್ತದೆ. ಮುಚ್ಚಿದ ಕಾರಿನ ಬಾಡಿ ನಡುಗುವ ವೇಗ ಇದಕ್ಕಿಂತ ಸಾಕಷ್ಟು ಜಾಸ್ತಿ, ಆದ್ದರಿಂದ ಒಂದರ ಕುಣಿತ ಇನ್ನೊಂದಕ್ಕೆ ಹತ್ತುವುದಿಲ್ಲ. ಛಾವಣಿ ಹೋದಾಗ ಬಾಡಿ ನಡುಗುವ ವೇಗ ಇಳಿದು ಚಕ್ರದ ವೇಗದ ಹತ್ತಿರ ಬರುತ್ತದೆ. ಆಗ ಎರಡೂ ಸೇರಿಕೊಂಡು ಕುಣಿಯುತ್ತವೆ. ಇದನ್ನು ಅಡಗಿಸಲು ಕೆಲವು ಕಂಪನಿಗಳು ಕನ್ವರ್ಟಿಬಲ್‌ನ ಮೂಲೆಯಲ್ಲಿ ರಬ್ಬರ್ ಮೇಲೆ ತೂಗುವ ಲೋಹದ ಗಟ್ಟಿಯನ್ನೇ ಇಡುತ್ತವೆ. ಅದಕ್ಕೂ ಕೆಳಗಿನ ಬಲವರ್ಧನೆಗೂ ಸೇರಿ, ಛಾವಣಿ ಇಲ್ಲದ ಗಾಡಿಯೇ ಅದೇ ಮಾದರಿಯ ಛಾವಣಿ ಇರುವ ಗಾಡಿಗಿಂತ ಸಾಮಾನ್ಯವಾಗಿ ಜಾಸ್ತಿ ತೂಗುತ್ತದೆ!

ಹಾಗಾದರೆ ಬಾರ್ ಬರೀ ಶೋಕಿಯಾ? ಹಾಗೂ ಅಲ್ಲ. ಸಸ್ಪೆನ್ಷನ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ.

ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕ್ ಅಬ್ಸಾರ್ಬರ್ ಕಂಬವೇ ಚಕ್ರವನ್ನು ನೆಟ್ಟಗೆ ಹಿಡಿಯುವ ಸಸ್ಪೆನ್ಷನ್ ಇದ್ದರೆ, ತಿರುವಿನಲ್ಲಿ ಪಕ್ಕಕ್ಕೆ ತಳ್ಳುವ ಬಲದಲ್ಲಿ ಒಂದು ಪಾಲು ನೇರವಾಗಿ ಟವರ್ ತಲೆಗೆ ಬರುತ್ತದೆ. ಇಲ್ಲಿ ಓಡಾಡುವ ಮಿನಿ ಕನ್ವರ್ಟಿಬಲ್‌ನಲ್ಲಿ ಮುಂದೆ ಇರುವುದು ಇದೇ. ಟವರ್ ಒಳಗೆ ವಾಲಿದರೆ ಚಕ್ರದ ಕ್ಯಾಂಬರ್, ಅಂದರೆ ಅದು ಒಳಗೆ-ಹೊರಗೆ ವಾಲಿರುವ ಕೋನ, ಬದಲಾಗುತ್ತದೆ. ಅಲ್ಲಿ ಬಾರ್‌ಗೆ ಕೆಲಸ ಉಂಟು. ಚಕ್ರವನ್ನು ಮೇಲೊಂದು, ಕೆಳಗೊಂದು ಆರ್ಮ್ (ತೋಳು) ಹಿಡಿಯುವ ಡಬಲ್ ವಿಶ್‌ಬೋನ್ ಆದರೆ ಪಕ್ಕದ ಬಲವನ್ನು ಆ ಆರ್ಮ್‌ಗಳು ಹೊರುತ್ತವೆ, ಟವರ್ ತಲೆಗೆ ಬರುವುದು ಬಹುತೇಕ ಮೇಲೆ-ಕೆಳಗಿನ ಬಲ. ಅಲ್ಲಿ ಲಾಭ ಕಡಿಮೆ.

[ದೃಶ್ಯ: 1965ರ ಮಸ್ಟಾಂಗ್ ಎಂಜಿನ್ ಕೋಣೆಯ ರೇಖಾಚಿತ್ರ.]

ಹಳೆಯ ಫೋರ್ಡ್ ಮಸ್ಟಾಂಗ್ ನನಗೆ ಇಷ್ಟವಾದ ಉದಾಹರಣೆ. ಅದರಲ್ಲಿ ಮುಂದಿನ ಸ್ಪ್ರಿಂಗ್ ಕೂರುವುದು ಮೇಲಿನ ಆರ್ಮ್ ಮೇಲೆ. ಹಾಗಾಗಿ ಗಾಡಿಯ ಮುಂಭಾಗದ ಭಾರ ಪೂರ್ತಿ ಟವರ್‌ಗಳ ಮೇಲೆ. ಹೊರದೇಶದ ಕೆಟ್ಟ ರಸ್ತೆಗೆ ಹೋಗುವ ಗಾಡಿಗಳಿಗೆ ಫೋರ್ಡ್ ಒಂದು ಗಟ್ಟಿ ಬ್ರೇಸ್ (ಆಸರೆ ಪಟ್ಟಿ) ಹಾಕುತ್ತಿತ್ತು. ಅದಕ್ಕೆ ಎಕ್ಸ್‌ಪೋರ್ಟ್ ಬ್ರೇಸ್ ಅಂತಲೇ ಹೆಸರು. ಮಸ್ಟಾಂಗ್‌ನಿಂದಲೇ ಮಾಡಿದ 1965ರ ಶೆಲ್ಬಿ ಜಿಟಿ350ಯಲ್ಲೂ ಇದು ಬಂತು. ಇದು ಎರಡು ಟವರ್ ನಡುವಿನ ಅಡ್ಡ ಬಾರ್ ಅಲ್ಲ, ಎರಡೂ ಟವರನ್ನು ಹಿಂದಿನ ಫೈರ್‌ವಾಲ್, ಅಂದರೆ ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆಯ, ಕಡೆಗೆ ಕಟ್ಟುತ್ತದೆ. ತ್ರಿಕೋನ ಬಂದ ಮೇಲೆ ಬಿಗಿತದ ಲೆಕ್ಕವೇ ಬೇರೆ. ಮಸ್ಟಾಂಗ್ ಕನ್ವರ್ಟಿಬಲ್‌ಗೆ ಮಾತ್ರ ಅಂತ ಕಂಪನಿ ಗಟ್ಟಿ ಮಾಡಿದ್ದು ಎಲ್ಲಿ ಗೊತ್ತಾ? ಸಿಲ್ ಒಳಗೆ, ನೆಲದಲ್ಲಿ.

1999ರ ಹೋಂಡಾ ಎಸ್2000 ಇನ್ನೂ ಒಂದು ಹೆಜ್ಜೆ ಮುಂದೆ. ಶುರುವಿನಿಂದಲೂ ತೆರೆದ ಕಾರು ಅಂತಲೇ ಯೋಚಿಸಿ, ನಡುವಿನ ಟನಲನ್ನೇ ಎತ್ತರಿಸಿ ಬೆನ್ನೆಲುಬು ಮಾಡಿದರು. ಜಿಪ್ಸಿ, ಸಾಫ್ಟ್ ಟಾಪ್ ಥಾರ್ ಇಟ್ಟುಕೊಂಡವರು ಈ ವಿಡಿಯೋ ಇಲ್ಲಿಗೇ ಬಿಡಬಹುದು. ನಿಮ್ಮದು ಲ್ಯಾಡರ್ ಫ್ರೇಮ್, ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ್ದು, ಛಾವಣಿಯನ್ನು ನಂಬಿಕೊಂಡ ಗಾಡಿಯೇ ಅಲ್ಲ.

[ದೃಶ್ಯ: ಬೋರ್ಡ್ ಮೇಲೆ ಲೆಕ್ಕ.]

ಈಗ ಹ್ಯಾಂಡ್ಲಿಂಗ್. ಬಾಡಿಯೂ ಒಂದು ಸ್ಪ್ರಿಂಗ್ ಅನ್ನಿ, ಶಾಕ್ ಅಬ್ಸಾರ್ಬರ್ ಇಲ್ಲದ ಸ್ಪ್ರಿಂಗ್. ಅದು ಸಸ್ಪೆನ್ಷನ್‌ಗಿಂತ 10 ಪಟ್ಟು ಬಿಗಿ ಇದೆ ಅಂದುಕೊಳ್ಳೋಣ. ಎರಡೂ ಸೇರಿದಾಗ ಸಸ್ಪೆನ್ಷನ್ ಬಿಗಿತದಲ್ಲಿ ನಿಮಗೆ ಸಿಗುವುದು ಶೇ 90.9. ಬಾರ್ ಹಾಕಿ, ಧಾರಾಳವಾಗಿ, ಬಾಡಿ 11 ಪಟ್ಟು ಆಯಿತು ಅನ್ನಿ. ಆಗ ಶೇ 91.7. ಒಂದು ಪಾಯಿಂಟ್ ಕೂಡ ಏರಲಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬಿಡಿ, ನಂದಿ ಬೆಟ್ಟದ ತಿರುವಿನಲ್ಲೂ ಇದನ್ನು ಕೈಯಲ್ಲಿ ಗುರುತಿಸುತ್ತೇನೆ ಅನ್ನುವವರಿಗೆ ನನ್ನ ನಮಸ್ಕಾರ. ಹೊಸ ಟೈರ್, ಸರಿಯಾದ ಗಾಳಿ, ಸವೆದ ಬುಷ್ ಬದಲಾವಣೆ, ಅಲೈನ್‌ಮೆಂಟ್ ಮಾಡಿಸಿ. ವ್ಯತ್ಯಾಸ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ.

ಹಣ ಹಾಕುವ ಮುಂಚೆ ಎರಡು ಪರೀಕ್ಷೆ ಮಾಡಿ. ಟಾಪ್ ತೆಗೆದು, ಒಂದೇ ಒಂದು ಮುಂದಿನ ಚಕ್ರವನ್ನು ರ‍್ಯಾಂಪ್ ಮೇಲೆ ಹತ್ತಿಸಿ. ಬಾಗಿಲಿನ ಸುತ್ತಲಿನ ಸಂದು ನೋಡಿ, ಬಾಗಿಲು ತೆಗೆದು ಹಾಕಿ. ಸಂದು ಬದಲಾದರೆ, ಬಾಗಿಲು ತಾಗಿದರೆ, ನಡುಭಾಗ ತಿರುಚುತ್ತಿದೆ ಅಂತ ಅರ್ಥ. ಆಗ ಬೇಕಾದ್ದು ಕೆಳಗೆ ಹಾಕುವ ಎಕ್ಸ್ ಆಕಾರದ ಬ್ರೇಸ್ ಅಥವಾ ಸಿಲ್ ಉದ್ದಕ್ಕೂ ಹೋಗುವ ರೇಲ್. ನಮ್ಮ ಹಂಪ್‌ಗಳಿಗೆ ಅದು ಕೆರೆಯದ ಹಾಗೆ ಜಾಗ ಇದೆಯಾ ಅಂತ ಮೊದಲು ಅಳೆಯಿರಿ. ಹಳೆ ಗಾಡಿ ಆದರೆ ಸಿಲ್ ಒಳಗೆ ತುಕ್ಕು ಇದೆಯಾ ಅಂತಲೂ ನೋಡಿಸಿ. ತುಕ್ಕು ಹಿಡಿದ ಸಿಲ್ ಇಟ್ಟುಕೊಂಡು ಬ್ರೇಸ್ ಕೊಳ್ಳುವುದು ದಂಡ.

ಎರಡನೆಯದು, ಒಂದರೊಳಗೊಂದು ಜಾರುವ ಎರಡು ಪೈಪ್ ತಗೊಳ್ಳಿ. ಒಂದನ್ನು ಎಡ ಟವರಿಗೆ, ಇನ್ನೊಂದನ್ನು ಬಲ ಟವರಿಗೆ ಕಟ್ಟಿ. ಜಾರುವ ಜಾಗದಲ್ಲಿ ಒಂದು ರಬ್ಬರ್ ರಿಂಗ್ ಹಾಕಿ, ನಿಮ್ಮ ಮಾಮೂಲಿ ದಾರಿಯಲ್ಲಿ ಓಡಿಸಿ ಬನ್ನಿ. ರಿಂಗ್ ಸರಿದಷ್ಟೂ ಟವರ್ ಸರಿದಿದೆ. ರಿಂಗ್ ಇದ್ದಲ್ಲೇ ಇದ್ದರೆ ಬಾರ್‌ಗೆ ಮಾಡಲು ಕೆಲಸವೇ ಇಲ್ಲ.

ಇಷ್ಟಾದ ಮೇಲೂ ಹಾಕಿಸುವವರು ಒಂದೇ ಉಕ್ಕಿನ ತುಂಡಿನ, ಕೀಲಿಲ್ಲದ, ಸಾಧ್ಯವಾದರೆ ಫೈರ್‌ವಾಲ್‌ಗೂ ಕಟ್ಟುವ ಬ್ರೇಸ್ ಆರಿಸಿ. ನಾಲ್ಕೂ ಚಕ್ರ ಸಮನೆಲದ ಮೇಲಿರುವಾಗಲೇ ನಟ್ ಬಿಗಿಯಿರಿ, ಜ್ಯಾಕ್ ಮೇಲೆ ಬೇಡ. ಬಾನೆಟ್ ಮುಚ್ಚಿದಾಗ ಬಾರ್‌ಗೆ ತಾಗದ ಹಾಗೆ ಸಾಕಷ್ಟು ಜಾಗ ಉಳಿಯಲೇಬೇಕು.