ಬಯಾಸ್ ಸ್ಕ್ರೂ ಮುಟ್ಟುವ ಮುಂಚೆ

ಹಳೇ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಆಂಪ್ಲಿಫೈಯರ್ ಕೈಗೆ ಬಂದ ಕೂಡಲೇ ಬಹಳ ಜನ ಏನು ಮಾಡುತ್ತಾರೆ ಗೊತ್ತಾ? ಹೊಸ ವಾಲ್ವ್ ತರಿಸಿ ಹಾಕುತ್ತಾರೆ, ಸ್ಕ್ರೂಡ್ರೈವರ್ ಹಿಡಿದು ಬಯಾಸ್ ತಿರುಗಿಸುತ್ತಾರೆ. ನನ್ನನ್ನು ಕೇಳಿದರೆ ಅದು ಕೊನೆಗೆ ಮಾಡುವ ಕೆಲಸ.

ವಾಲ್ವ್ ಒಳಗೆ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಯೇ ಗ್ರಿಡ್, ಅದಕ್ಕೆ ಕೊಡುವ ನೆಗೆಟಿವ್ ವೋಲ್ಟೇಜೇ ಬಯಾಸ್. ಹಾಡು ಇಲ್ಲದಾಗ ವಾಲ್ವ್ ಎಷ್ಟು ಕರೆಂಟ್ ಎಳೆಯಬೇಕು ಅನ್ನುವುದು ಅದರ ಕೈಯಲ್ಲಿದೆ. ನೆಗೆಟಿವ್ ಕಡಿಮೆಯಾದರೆ ಕರೆಂಟ್ ಜಾಸ್ತಿ, ಕೊನೆಗೆ ಎಲೆಕ್ಟ್ರಾನ್‌ಗಳು ಬಂದು ಸೇರುವ ಲೋಹದ ಪ್ಲೇಟ್ ಕೆಂಪಗಾಗುತ್ತದೆ. ನೆಗೆಟಿವ್ ತೀರಾ ಹೆಚ್ಚಾದರೆ, ಸರದಿಯಲ್ಲಿ ದುಡಿಯುವ ಜೋಡಿಯಲ್ಲಿ ಒಂದು ವಾಲ್ವ್ ಕೈಬಿಟ್ಟದ್ದನ್ನು ಇನ್ನೊಂದು ತಡವಾಗಿ ಹಿಡಿಯುತ್ತದೆ, ಸಣ್ಣ ದನಿಯಲ್ಲೇ ಹಾಡು ಒರಟಾಗಿ ಕೇಳುತ್ತದೆ. ತಮಾಷೆ ನೋಡಿ, ಹೀಗೆ ತಿರುಗಿಸಿ ಸರಿಮಾಡುವ ಬಗೆಗೇ 'ಫಿಕ್ಸೆಡ್ ಬಯಾಸ್' ಅಂತ ಹೆಸರು!

ನಾನೂ ಆತುರ ಮಾಡಿದವನೇ. ಇಎಲ್34 ಅನ್ನುವ ಔಟ್‌ಪುಟ್ ವಾಲ್ವ್ ಎರಡು ಹಾಕಿ ಒಂದೊಂದಕ್ಕೂ 35 ಮಿಲಿಆಂಪ್ ಇಟ್ಟೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಒಂದು 60 ದಾಟಿತ್ತು. ಇಳಿಸಿದೆ. ಮತ್ತೆ ಏರಿತು. ವಾಲ್ವೇ ಕೆಟ್ಟದ್ದು ಅಂತ ಬೈದುಕೊಂಡು ಅದಲುಬದಲು ಮಾಡಿದೆ. ಈಗ ಅದೇ ಸಾಕೆಟ್‌ಗೆ ಬಂದ ಇನ್ನೊಂದು ವಾಲ್ವ್ ಏರತೊಡಗಿತು! ಹಿಂದಿನ ಹಂತದಿಂದ ಸಿಗ್ನಲ್ ತರುವ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿತ್ತು. ಅದು ತಡೆಯಬೇಕಾದ ಡಿಸಿ (ಒಂದೇ ದಿಕ್ಕಿನ ಕರೆಂಟ್) ಅದನ್ನು ದಾಟಿ ಗ್ರಿಡ್‌ಗೆ ಬಂದು ನೆಗೆಟಿವನ್ನು ತಿಂದುಹಾಕುತ್ತಿತ್ತು. ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. ಇದಕ್ಕೆ ಪಾಪ ಸ್ಕ್ರೂ ಏನು ಮಾಡೀತು?

ಬಯಾಸ್ ಸಪ್ಲೈನ ಕೆಪಾಸಿಟರ್ ಕೂಡ ಇಷ್ಟು ವರ್ಷಕ್ಕೆ ಒಣಗಿರುತ್ತದೆ. ಅದನ್ನೂ ಪ್ರೀಸೆಟ್ಟನ್ನೂ (ಬಯಾಸ್ ಸ್ಕ್ರೂ ತಿರುಗಿಸುವ ರೆಸಿಸ್ಟರ್) ಮೊದಲು ಬದಲಿಸಿ. ಕೊಳೆ ಹಿಡಿದ ಪ್ರೀಸೆಟ್ ಒಂದು ಕ್ಷಣ ಸಂಪರ್ಕ ಬಿಟ್ಟರೂ ಕೆಲವು ಸರ್ಕ್ಯೂಟ್‌ಗಳಲ್ಲಿ ಬಯಾಸ್ ಪೂರ್ತಿ ಹೋಗಿಬಿಡುತ್ತದೆ.

ಇನ್ನು ಎಲ್ಲರ ಬಾಯಲ್ಲಿರುವ ಶೇಕಡಾ 70ರ ಲೆಕ್ಕ. ಇಎಲ್34 ಪ್ಲೇಟ್ ತಾಳುವ ಮಿತಿ 25 ವಾಟ್, ಅದರ ಶೇಕಡಾ 70 ಅಂದರೆ 17.5. ಪ್ಲೇಟ್‌ನಲ್ಲಿ 450 ವೋಲ್ಟ್ ಇದ್ದರೆ ಸುಮಾರು 39 ಮಿಲಿಆಂಪ್. ಜೋಡಿ ವಾಲ್ವ್ ಸರದಿಯಲ್ಲಿ ದುಡಿಯುವ ಈ ಬಗೆಗೆ, ಅಂದರೆ ಎಬಿ ಕ್ಲಾಸ್‌ಗೆ, ಇದು ಮೇಲಿನ ಗಡಿ. ಜನ ಇದನ್ನು ಮುಟ್ಟಲೇಬೇಕಾದ ಗುರಿ ಅಂದುಕೊಂಡಿದ್ದಾರೆ. 32ರಲ್ಲೇ ಚೆನ್ನಾಗಿ ಕೇಳುತ್ತಿದ್ದರೆ 39ಕ್ಕೆ ಏರಿಸಿ ವಾಲ್ವ್ ಆಯಸ್ಸು ಯಾಕೆ ಕಡಿಮೆ ಮಾಡುತ್ತೀರಿ? ಕರೆಂಟ್ ಏರಿಸಿದರೆ ಪ್ಲೇಟ್ ವೋಲ್ಟೇಜ್ ಇಳಿಯುತ್ತದೆ ಬೇರೆ, ಪ್ರತಿ ಸಲವೂ ಎರಡನ್ನೂ ಅಳೆಯಬೇಕು.

ಕಾರ್ಖಾನೆ ಹೇಳಿದ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 1959ರ ಡೈನಾಕೋ ಸ್ಟೀರಿಯೋ 70 ಆಂಪ್ ತಗೊಳ್ಳಿ. ಎರಡು ಇಎಲ್34ಕ್ಕೆ ಸೇರಿ ಒಂದೇ 15.6 ಓಮ್ ರೆಸಿಸ್ಟರ್, ಅದರ ಮೇಲೆ 1.56 ವೋಲ್ಟ್ ಬರುವಂತೆ ತಿರುಗಿಸಬೇಕು. ಅಂದರೆ ಒಟ್ಟು 100 ಮಿಲಿಆಂಪ್. ಆದರೆ ಒಂದು 65, ಇನ್ನೊಂದು 35 ಎಳೆದರೂ ಮೀಟರ್ ತೋರಿಸುವುದು ಅದೇ 1.56 ಅಲ್ವಾ? ಅದಕ್ಕೇ ನಾನು ಪ್ರತಿ ವಾಲ್ವ್‌ನ ಕ್ಯಾಥೋಡ್‌ಗೂ (ಎಲೆಕ್ಟ್ರಾನ್ ಹೊರಡುವ ಭಾಗ) ಒಂದೊಂದು ಓಮಿನ ರೆಸಿಸ್ಟರ್ ಹಾಕುತ್ತೇನೆ. ಒಂದು ಮಿಲಿವೋಲ್ಟ್ ಅಂದರೆ ಒಂದು ಮಿಲಿಆಂಪ್. ಸ್ಕ್ರೀನ್ ಅನ್ನುವ ಇನ್ನೊಂದು ಗ್ರಿಡ್‌ನ ಕರೆಂಟೂ ಸ್ವಲ್ಪ ಅದರಲ್ಲಿ ಸೇರಿರುತ್ತದೆ, ಇರಲಿ ಬಿಡಿ.

ಸ್ಪೀಕರ್ ಜೋಡಿಸದೆ ಆನ್ ಮಾಡಬೇಡಿ. ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು, ಅಳೆದು ನೋಡದೆ ಒಳಗೆ ಕೈ ಹಾಕಬೇಡಿ.

ಕೆಪಾಸಿಟರ್ ಬದಲಿಸಿದ ಆ ಆಂಪ್ ಈಗ 33ರಲ್ಲಿದೆ. ಎರಡು ವರ್ಷವಾಯಿತು, ಸ್ಕ್ರೂ ಮುಟ್ಟಿಲ್ಲ.