ಲೇತ್ ಅಂಗಡಿಯ ಅಳತೆ, ಜಗತ್ತಿನ ಅಳತೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ಪಿ.ಬಿ. ರಸ್ತೆಯ ಆಸುಪಾಸಿನ ಯಾವುದಾದರೂ ಲೇತ್ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ನಮ್ಮ ಮೋಟಾರು ವಾಹನ ಉದ್ಯಮದ ಬಲವೂ ಕೊರತೆಯೂ ಒಟ್ಟಿಗೇ ಕಾಣುತ್ತವೆ. ನಾನು ಕಂಡ ಅಂಗಡಿಗೆ ಲಾರಿಯೊಂದರ ಸವೆದ ಕಿಂಗ್‌ಪಿನ್, ಅಂದರೆ ಮುಂಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಪಿನ್ನು, ಬಂದಿತ್ತು. ಟರ್ನರ್ ಗನ್‌ಮೆಟಲ್ ಎಂಬ ತಾಮ್ರದ ಮಿಶ್ರಲೋಹದ ತುಂಡನ್ನು ಲೇತಿಗೆ ಕಚ್ಚಿಸಿ, ಕೊರೆದು, ನಡುನಡುವೆ ಹೊಸ ಪಿನ್ನನ್ನೇ ತೂರಿಸಿ ನೋಡಿ, ಬೆರಳಿನ ಅಂದಾಜಿನಲ್ಲೇ ಪಿನ್ನಿನ ಸುತ್ತ ಕೂರುವ ಬಳೆಯ, ಅಂದರೆ ಬುಷ್ಷಿನ, ಹದ ಹಿಡಿದರು. ಸಂಜೆಯೊಳಗೆ ಲಾರಿ ಹೆದ್ದಾರಿಗಿಳಿಯಿತು.

ಕಾರು ಕಂಪನಿಗೆ ಬೇಕಾದದ್ದು ಇಂಥ ಒಂದು ಬುಷ್ ಅಲ್ಲ, ಹತ್ತು ಸಾವಿರ. ಮೊದಲನೆಯದಕ್ಕೂ ಕೊನೆಯದಕ್ಕೂ ಮಿಲಿಮೀಟರಿನ ಒಂದೆರಡು ನೂರನೇ ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು; ಯಾವ ಲೋಹ, ಯಾವ ದಿನ, ಯಾವ ಯಂತ್ರದ ಮೇಲೆ ಕೊರೆದದ್ದು ಎಂಬ ದಾಖಲೆಯೂ ಜೊತೆಗಿರಬೇಕು. ಒಂದೊಂದು ಭಾಗ ಒಂದೊಂದು ದೇಶದಲ್ಲಿ ತಯಾರಾಗಿ ಒಂದು ವಸ್ತುವಾಗುವ ಜಾಗತಿಕ ಮೌಲ್ಯ ಸರಪಳಿಯ ಬಾಗಿಲು ಇರುವುದು ಇಲ್ಲಿಯೇ.

ತಿರುಪು ಮೊಳೆಗಳನ್ನೂ ಎಣಿಸಿದರೆ ಒಂದು ಕಾರಿನಲ್ಲಿ ಸುಮಾರು 30,000 ಬಿಡಿಭಾಗಗಳಿರುತ್ತವೆ. ಅಷ್ಟನ್ನೂ ತಾನೇ ಮಾಡಿಕೊಳ್ಳುವ ದೇಶವಿಲ್ಲ. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಭೂಲೋಹಗಳು ಮತ್ತು ಕಾರಿನ ಮೋಟಾರುಗಳಿಗೆ ಬೇಕಾದ ಅವುಗಳ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ದೂರದೂರದ ಕಾರು ಕಾರ್ಖಾನೆಗಳಿಗೆ ಅದರ ಬಿಸಿ ತಟ್ಟಿತು. ಹಾಗಾಗಿ ಕೇಳಿಕೊಳ್ಳಬೇಕಾದದ್ದು ಎಷ್ಟು ಕಾರುಗಳನ್ನು ಜೋಡಿಸಿದೆವು ಎಂದಲ್ಲ, ನಾವು ಕೈಬಿಟ್ಟರೆ ಯಾರ ಕಾರ್ಖಾನೆ ನಿಲ್ಲುತ್ತದೆ ಎಂದು.

1983ರ ಡಿಸೆಂಬರಿನಲ್ಲಿ ಮಾರುತಿಯ ಮೊದಲ ಕಾರು ಹೊರಬಂದಾಗ ಅದರ ಬಹುಪಾಲು ಭಾಗಗಳು ಜಪಾನಿನವು. ದೇಶೀಯ ಭಾಗಗಳನ್ನು ಹಂತಹಂತವಾಗಿ ಹೆಚ್ಚಿಸಲೇಬೇಕೆಂಬ ಷರತ್ತು ಇದ್ದುದರಿಂದ ಕಂಪನಿ ಪೂರೈಕೆದಾರರನ್ನು ಕೈಹಿಡಿದು ಬೆಳೆಸಿತು. ಅಂಥ ಷರತ್ತನ್ನು ಇಂದು ಹಾಕುವಂತಿಲ್ಲ; ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪು ಭಾರತದ ವಿರುದ್ಧ ಬಂದು ಎರಡು ದಶಕ ದಾಟಿದೆ. ಉಳಿದಿರುವುದು ಪ್ರೋತ್ಸಾಹದ ದಾರಿ. 2021ರಲ್ಲಿ ಕೇಂದ್ರ ಸರ್ಕಾರ ವಾಹನ ಉದ್ಯಮಕ್ಕಾಗಿ 25,938 ಕೋಟಿ ರೂಪಾಯಿಯ ಉತ್ಪಾದನೆ ಆಧಾರಿತ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ನೀಡಿತು. ಶೇಕಡಾ 50ರಷ್ಟು ದೇಶೀಯ ಮೌಲ್ಯವರ್ಧನೆ ಬೇಕೆಂಬ ಅದರ ನಿಯಮ ಒಳ್ಳೆಯದೇ. ಆದರೆ ಈಗಾಗಲೇ ಉದ್ಯಮದಲ್ಲಿರುವ ಬಿಡಿಭಾಗ ತಯಾರಕರ ಸಮೂಹಕ್ಕೆ ಕನಿಷ್ಠ 500 ಕೋಟಿಯ ಆದಾಯ ಇರಬೇಕೆಂದ ಮೇಲೆ, ಐದಾರು ಲೇತುಗಳ ನಮ್ಮ ಸಣ್ಣ ಉದ್ಯಮಿ ಆ ಪಂಕ್ತಿಯಲ್ಲಿ ಕೂರುವುದೆಲ್ಲಿ ಬಂತು?

ಈ ಸೀಮೆಗೆ ಅಳತೆಯ ಶಿಸ್ತು ಹೊಸದೇನಲ್ಲ. 1941ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತುಗಳೇ ತಯಾರಾಗುತ್ತಿದ್ದವು. ಕಾರ್ಖಾನೆ ಮುಚ್ಚಿದರೂ ಅಲ್ಲಿ ಕಲಿತ ಕೈಗಳು ಊರೂರಿಗೆ ಹಂಚಿಹೋದವು. ಆ ಕೈಗಳ ಕಸುಬು ಕಳೆದುಹೋಗುವ ಮುನ್ನ ಇಲ್ಲೊಂದು ಸಾಮೂಹಿಕ ಅಳತೆ ಪ್ರಯೋಗಾಲಯ, ಅಚ್ಚು-ಉಪಕರಣಗಳನ್ನು ಮಾಡುವ ಒಂದು ಟೂಲ್‌ರೂಮ್, ಉಕ್ಕಿಗೆ ಹದ ಕೊಡುವ ಒಂದು ಕುಲುಮೆ ಆಗಬೇಕೆಂಬುದು ನನ್ನ ಅಭಿಪ್ರಾಯ. ಒಬ್ಬೊಬ್ಬರೇ ಇವನ್ನು ಕೊಳ್ಳಲಾರರು. ಬಾಡಿಗೆ ಕೊಟ್ಟು ಬಳಸಬಲ್ಲರು.

ಆಗ ಹೇಳಿದ ಟರ್ನರ್ ಬಳಿ ಹರಿಹರದ ಹಿರಿಯರೊಬ್ಬರು ಕೊಟ್ಟ, ಸೂಕ್ಷ್ಮ ಅಳತೆಯ ಸಾಧನವಾದ ಮೈಕ್ರೋಮೀಟರ್ ಇದೆ. ಸೊನ್ನೆ ತಪ್ಪಿದೆ, ತಿದ್ದಿಸಲು ಬೆಂಗಳೂರಿಗೆ ಹೋಗಿಬರಲು ಎರಡು ದಿನದ ಕೆಲಸ ಕೆಡುತ್ತದೆ ಎಂದು, ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಗಲ್ಲಾಪೆಟ್ಟಿಗೆಯಲ್ಲೇ ಇಟ್ಟಿದ್ದಾರೆ.

ನಮಸ್ಕಾರ.