ಗೇರ್ ಆಯಿಲ್ ಕಡೆಗೂ ಒಮ್ಮೆ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರು ಸರ್ವಿಸಿಗೆ ಬಿಡುವಾಗ ಎಲ್ಲರೂ ಇಂಜಿನ್ ಆಯಿಲ್ ವಿಚಾರ ಕೇಳುತ್ತಾರೆ. ಯಾವ ಕಂಪನಿದು, ಎಷ್ಟು ಲೀಟರ್, ಎಷ್ಟು ರೊಕ್ಕ. ಗೇರ್ ಬಾಕ್ಸ್ ಒಳಗೂ ಆಯಿಲ್ ಇದೆ ಅನ್ನೋದು ಬಹಳ ಮಂದಿಗೆ ನೆನಪೇ ಇರೋದಿಲ್ಲ. "ಮಿಸ್ತ್ರಿ, ಗೇರ್ ಬೀಳವಲ್ದು ನೋಡ್ರಿ" ಅಂತ ಬರುವ ಹೊತ್ತಿಗೆ ಒಳಗಿನ ಹಲ್ಲು ಸವೆದಿರುತ್ತವೆ. ಆಯಿಲ್‌ನಲ್ಲಿ ಮುಗಿಯಬೇಕಿದ್ದ ಖರ್ಚು ಗೇರ್ ಬಾಕ್ಸ್ ಇಳಿಸುವವರೆಗೂ ಹೋಗುತ್ತದೆ. ಕಷ್ಟಪಟ್ಟು ಕಂತು ಕಟ್ಟಿ ಕಾರು ತಗೊಂಡವರಿಗೆ ಹೀಗಾದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಗೇರ್ ಆಯಿಲ್ ಇಂಜಿನ್ ಆಯಿಲ್ ತರಹ ಉರಿದು ಖರ್ಚಾಗುವುದಿಲ್ಲ. ಮಟ್ಟ ಇಳಿದಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಹೆಚ್ಚಾಗಿ ಚಕ್ರ ತಿರುಗಿಸುವ ಆಕ್ಸಲ್ ಗೇರ್ ಬಾಕ್ಸ್ ಒಳಗೆ ಹೋಗುವ ಜಾಗದ ಸೀಲ್, ಅಂದರೆ ಆಯಿಲ್ ತಡೆಯುವ ರಬ್ಬರ್ ರಿಂಗ್, ಹಾಳಾಗಿರುತ್ತದೆ. ಕಲ್ಲಿನ ಗಣಿಗಳಿರುವ ಚಿತ್ತಾಪುರ, ಸೇಡಂ ಕಡೆ ಓಡಾಡುವ ಗಾಡಿಗಳಲ್ಲಿ ಇದನ್ನು ಹುಡುಕುವುದು ಸುಲಭ. ಹಸಿ ಇರುವ ಜಾಗಕ್ಕೆ ಕಲ್ಲಿನ ಧೂಳು ಅಂಟಿ ದಪ್ಪ ಪದರ ಕಟ್ಟಿರುತ್ತದೆ.

ಕೈ ಗೇರಿನ ಹೆಚ್ಚಿನ ಕಾರುಗಳಲ್ಲಿ ಈ ಆಯಿಲ್ ನೋಡಲು ಕಡ್ಡಿ ಇರುವುದಿಲ್ಲ. ಗೇರ್ ಬಾಕ್ಸ್ ಪಕ್ಕದಲ್ಲಿ ಒಂದು ಬೋಲ್ಟ್ ಇರುತ್ತದೆ. ಗಾಡಿ ನಾಲ್ಕೂ ಕಡೆ ಸಮ ನಿಂತಿರಬೇಕು. ಒಂದೇ ಕಡೆ ಜಾಕ್ ಕೊಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ. ಬೋಲ್ಟ್ ಬಿಚ್ಚಿ ಬೆರಳು ಹಾಕಿದರೆ ತೂತಿನ ಅಂಚಿಗೇ ಆಯಿಲ್ ತಾಕಬೇಕು. ಬದಲಿಸುವಾಗಲೂ ಮೊದಲು ಈ ಮೇಲಿನ ಬೋಲ್ಟನ್ನೇ ಬಿಚ್ಚಿಸಿ. ಹೊಸ ಆಯಿಲ್ ತುಂಬುವುದು ಇದರಿಂದಲೇ. ಕೆಳಗಿನ ಬೋಲ್ಟ್ ಬಿಚ್ಚಿ ಹಳೇ ಆಯಿಲ್ ಹೊರಗೆ ಬಿಟ್ಟ ಮೇಲೆ ಮೇಲಿನದು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಕೆಳಗಿನ ಬೋಲ್ಟ್ ತುದಿಗೆ ಹಲವು ಗಾಡಿಗಳಲ್ಲಿ ಅಯಸ್ಕಾಂತ ಇರುತ್ತದೆ. ಅದನ್ನು ನೀವೇ ಕೈಯಲ್ಲಿ ಹಿಡಿದು ನೋಡಿ. ಬೂದು ಬಣ್ಣದ ನುಣ್ಣನೆಯ ಕೆಸರು ಇದ್ದರೆ ಹೆದರಬೇಡಿ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವಂಥ ಕಬ್ಬಿಣದ ಚೂರು ಸಿಕ್ಕರೆ ಮಾತ್ರ ಒಳಗೆ ಏನೋ ಒಡೆಯುತ್ತಿದೆ.

ಮಳೆಗಾಲದ ಮಾತು ಸ್ವಲ್ಪ ಜಾಸ್ತಿ ಹೇಳಬೇಕು. ಕಾಗಿಣಾ ನದಿ ತುಂಬಿದರೆ ಮಳಖೇಡದ ಕಡೆ ರಸ್ತೆ ಮೇಲೇ ನೀರು ಬರುತ್ತದೆ. ಹಳ್ಳಿ ದಾರಿಯ ಹಳ್ಳಗಳಂತೂ ಕೇಳಲೇಬೇಡಿ. ಹರಿಯುವ ನೀರಿಗೆ ಗಾಡಿ ಇಳಿಸಲೇಬಾರದು, ಜೀವಕ್ಕಿಂತ ದೊಡ್ಡದು ಯಾವುದೂ ಇಲ್ಲ. ನಿಂತ ನೀರಲ್ಲೂ ಒಂದು ಅಪಾಯ ಇದೆ. ಗೇರ್ ಬಾಕ್ಸ್ ಮೇಲೆ ಗಾಳಿ ಆಡಲಿಕ್ಕೆ ಒಂದು ಸಣ್ಣ ಕೊಳವೆ ಇರುತ್ತದೆ, ಬ್ರೀದರ್ ಅಂತಾರೆ. ದೂರದಿಂದ ಓಡಿ ಬಂದು ಕಾದಿರುವ ಗೇರ್ ಬಾಕ್ಸ್ ತಣ್ಣೀರಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಬ್ರೀದರ್ ಅಥವಾ ಸೀಲಿನ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಎರೆ ಮಣ್ಣು ಮೆತ್ತಿಕೊಂಡು ಬ್ರೀದರ್ ಮುಚ್ಚಿಹೋದರೂ ಕಷ್ಟವೇ, ಕಾದ ಗಾಳಿ ಹೊರಗೆ ಹೋಗಲು ದಾರಿ ಇಲ್ಲದೆ ಸೀಲ್ ಮೂಲಕ ಆಯಿಲ್ ತಳ್ಳುತ್ತದೆ. ಚಕ್ರದ ಅರ್ಧಕ್ಕೆ ಬರುವಷ್ಟು ನೀರಲ್ಲಿ ಗಾಡಿ ಹೋಗಿದ್ದರೆ ಆಯಿಲ್ ತೆಗೆಸಿ ನೋಡಿ. ಹಾಲು ಹಾಕಿದ ಚಹಾದಂತೆ ಕಂಡರೆ ನೀರು ಸೇರಿದೆ, ಅವತ್ತೇ ಬದಲಿಸಿ. ಬಿಟ್ಟರೆ ಬೇರಿಂಗ್‌ಗೆ ತುಕ್ಕು ಹಿಡಿಯುತ್ತದೆ.

ಯಾವ ಆಯಿಲ್ ಹಾಕಬೇಕು? ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅನ್ನೋದೂ ಅಲ್ಲೇ ಇರುತ್ತದೆ. ಅದರಲ್ಲಿ ಜಿಎಲ್-4 ಅಂತ ಗೇರ್ ಆಯಿಲ್ ದರ್ಜೆ ಬರೆದಿದ್ದರೆ, "ಜಿಎಲ್-5 ಇನ್ನೂ ಚಲೋ" ಅಂತ ಯಾರಾದರೂ ಹೇಳಿದರೂ ಒಪ್ಪಬೇಡಿ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಗೇರ್ ಸಲೀಸಾಗಿ ಬೀಳಲು ಒಳಗೆ ಹಿತ್ತಾಳೆಯ ರಿಂಗ್‌ಗಳಿರುತ್ತವೆ, ಕೆಲವು ಜಿಎಲ್-5 ಆಯಿಲ್‌ಗಳು ಅವನ್ನೇ ತಿನ್ನುತ್ತವೆ.

ಆಟೋಮ್ಯಾಟಿಕ್ ಗಾಡಿಯವರಿಗೆ ಒಂದೇ ಮಾತು. ಎಎಂಟಿ ಅಂದರೆ ಒಳಗೆ ಇರುವುದು ಕೈ ಗೇರಿನ ಬಾಕ್ಸೇ, ಗೇರ್ ಹಾಕುವುದು ಮಾತ್ರ ಯಂತ್ರ, ಅದಕ್ಕೂ ಗೇರ್ ಆಯಿಲ್ ಬೇಕು. ಸಿವಿಟಿಗೆ, ಅಂದರೆ ಹಲ್ಲಿನ ಗೇರ್ ಬದಲು ಬೆಲ್ಟ್ ಮೇಲೆ ನಡೆಯುವ ಬಾಕ್ಸಿಗೆ, ಅದರದೇ ಬೇರೆ ಆಯಿಲ್. ಒಂದರದು ಇನ್ನೊಂದಕ್ಕೆ ಹಾಕಬೇಡಿ.

ಗೇರ್ ಬೀಳದ ತಕ್ಷಣ ಗೇರ್ ಬಾಕ್ಸೇ ಹೋಯ್ತು ಅಂತ ಗಾಬರಿ ಆಗಬೇಡಿ. ಇಂಜಿನ್ ಬಂದ್ ಮಾಡಿ ಗೇರ್ ಹಾಕಿ ನೋಡಿ. ಬಂದ್ ಇದ್ದಾಗ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಮಾತ್ರ ಗರ್ ಅಂದರೆ ತಪ್ಪು ಹೆಚ್ಚಾಗಿ ಕ್ಲಚ್‌ನದು. ಕಲಬುರಗಿಯ ಸೂಪರ್ ಮಾರ್ಕೆಟ್ ರಸ್ತೆಯ ಗದ್ದಲದಲ್ಲಿ ಕಾಲು ಕ್ಲಚ್ ಮೇಲೇ ಇಟ್ಟುಕೊಂಡು ತೆವಳಿಸಿದರೆ, ಅದೂ ಮೇ ತಿಂಗಳ ಬಿಸಿಲಲ್ಲಿ, ಕ್ಲಚ್ ಪ್ಲೇಟ್ ಸುಡುವುದು ಬೇಗ. ಗಾಡಿ ನಿಂತಿದ್ದರೆ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಗೇರ್ ಹಿಡಿಯ ಮೇಲೆ ಸುಮ್ನೆ ಕೈ ಊರಿಕೊಂಡು ಕೂಡುವುದನ್ನೂ ಬಿಡಿ, ಆ ಭಾರ ಒಳಗೆ ಗೇರ್ ಸರಿಸುವ ಫೋರ್ಕ್‌ಗೆ ಬೀಳುತ್ತದೆ.

ಆಯಿಲ್ ಬದಲಿಸಿದಾಗ ಕೆಳಗಿನ ಬೋಲ್ಟಿಗೆ ಹೊಸ ವಾಷರ್ ಹಾಕಲು ಹೇಳಿ. ಆಮೇಲೆ ಮೂರು ನಾಲ್ಕು ದಿನ ಬೆಳಿಗ್ಗೆ ಗಾಡಿ ಅಡಿಯ ನೆಲ ನೋಡಿ. ಒಂದು ಹನಿ ಕಂಡರೂ ಮಿಸ್ತ್ರಿ ಹತ್ತಿರ ವಾಪಸ್ ಹೋಗಿ ತೋರಿಸಿ.

ನಮಸ್ಕಾರ.